ಹಾಡು ಉಳಿಯಿತು, ಹಾಡಿದವರು ಎಲ್ಲಿ?

ಅಂಕೋಲಾ ತಾಲ್ಲೂಕಿನ ಬಡಿಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ 2025ರ ಫೆಬ್ರುವರಿ 13ರಂದು ತೀರಿಕೊಂಡಾಗ, ಅವರಿಗೆ ಎಷ್ಟು ಸಾವಿರ ಹಾಡು ಬಾಯಿಪಾಠವಿತ್ತು, 2017ರಲ್ಲಿ ಪದ್ಮಶ್ರೀ ಹೇಗೆ ಬಂತು ಎಂಬುದೇ ದೊಡ್ಡ ಮಾತಾಯಿತು. ನನ್ನ ಮಟ್ಟಿಗೆ ಅದು ಎರಡನೆಯ ಮಾತು. ತಾಯಿಯಿಂದ ಕಲಿತದ್ದನ್ನು ಸುಕ್ರಜ್ಜಿ ಹಾಲಕ್ಕಿ ಒಕ್ಕಲಿಗರ ಕಿರಿಯ ಹೆಣ್ಣುಮಕ್ಕಳಿಗೆ ಕಲಿಸಿದರು, ಅವರನ್ನು ಜೊತೆಗೆ ನಿಲ್ಲಿಸಿಕೊಂಡು ಹಾಡಿದರು. ಊರಿನ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿ ವಿರುದ್ಧವೂ ನಿಂತರು. ಅವರು ಹಾಡುಗಳನ್ನಷ್ಟೇ ಕಾಯಲಿಲ್ಲ, ಹಾಡುವವರನ್ನು ಬೆಳೆಸಿದರು. ಅವರನ್ನು ನೆನೆಯುವ ನಾವು ಹಾಡುವವರನ್ನು ಬೆಳೆಸಿದ ಈ ಕೆಲಸವನ್ನೇ ಮರೆಯುತ್ತೇವೆ.

ವಿಜಯಪುರದವರಾದ ನಮಗೆ ಈ ಮರೆವು ಹೊಸದಲ್ಲ. ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರ ಬಳಗದವರು ಹಾಡು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಹಳ್ಳಿಯ ಹೆಂಗಸರ ತ್ರಿಪದಿಗೆ ಕನ್ನಡ ಸಾಹಿತ್ಯದಲ್ಲಿ ಮಣೆ ಹಾಕಿಸಿದ ಪುಸ್ತಕ ಅದು. ಅದರ ಋಣ ಸಣ್ಣದಲ್ಲ. ಆ ಬಳಗದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಎಂಬ ಹೆಸರುಗಳು ನಮಗೆ ಗೊತ್ತು. ಅವರಿಗೆ ಹಾಡಿ ಬರೆಸಿದ ಹೆಂಗಸರಲ್ಲಿ ಒಬ್ಬರ ಹೆಸರನ್ನಾದರೂ ಎಷ್ಟು ಮಂದಿ ಹೇಳಬಲ್ಲೆವು? ಬೀಸುಕಲ್ಲಿನ ಎದುರುಬದುರು ಇಬ್ಬರು ಕೂತು ಒಂದೇ ಗೂಟ ಹಿಡಿದು ತಿರುಗಿಸುವಾಗ, ಒಬ್ಬಳು ಹಿಡಿ ಜೋಳ ಹಾಕುತ್ತ ಈ ತ್ರಿಪದಿಯ ಸೊಲ್ಲು ಎತ್ತುತ್ತಿದ್ದಳು, ಇನ್ನೊಬ್ಬಳು ಅದನ್ನು ಹಿಡಿದು ಮುಂದಕ್ಕೊಯ್ಯುತ್ತಿದ್ದಳು. ಪುಸ್ತಕಕ್ಕೆ ಬಂದದ್ದು ಸೊಲ್ಲು ಮಾತ್ರ. ಧಾಟಿಯಾಗಲಿ, ಎದುರಿಗೆ ಕೂತವಳಾಗಲಿ ಹಾಳೆಗೆ ಇಳಿಯುವಂಥದ್ದಲ್ಲ.

ಜನಪದಕ್ಕೆ ಒಡೆಯರಿಲ್ಲ, ಹೆಸರು ಹಚ್ಚುವುದೇ ತಪ್ಪು ಎನ್ನುವವರಿದ್ದಾರೆ. ಹಾಡಿಗೆ ಒಡೆಯರಿಲ್ಲ ನಿಜ, ಕಲಿಸಿದವರಂತೂ ಇದ್ದಾರಲ್ಲ. ಸಂಗ್ರಹಿಸಿದವರ ಹೆಸರನ್ನು ಮುಖಪುಟದಲ್ಲಿ ಅಚ್ಚು ಹಾಕುವಾಗ ಈ ತಕರಾರು ಏಳುವುದೇ ಇಲ್ಲ ಎಂಬುದು ಸೋಜಿಗ. ಇನ್ನೊಂದು ಮಾತು ಹೆಚ್ಚು ತೂಕದ್ದು: ಜೋರಾಪುರ ಪೇಟೆಯಿಂದ ಟಿಕೋಟಾ, ಬಬಲೇಶ್ವರದವರೆಗೆ ಜೋಳ ಗಿರಣಿಗೆ ಹೋಗುತ್ತದೆ, ಬೀಸುವುದೇ ನಿಂತ ಮೇಲೆ ಬೀಸುವ ಪದವನ್ನು ಯಾರಿಗಾಗಿ ಉಳಿಸಬೇಕು? ನಸುಕಿನಲ್ಲಿ ಎದ್ದು ಕಲ್ಲು ತಿರುಗಿಸುವ ಕಷ್ಟ ತಪ್ಪಿದ್ದು ಒಳ್ಳೆಯದೇ ಆಯಿತು. ಅದು ಮರಳಿ ಬರುವುದು ಬೇಡ. ಆದರೆ ಮದುವೆ ನಿಂತಿಲ್ಲ, ತೊಟ್ಟಿಲಿಗೆ ಹಾಕುವುದು ನಿಂತಿಲ್ಲ, ಆಷಾಢದ ಗುಳ್ಳವ್ವನ ಮಣ್ಣು ಇನ್ನೂ ಮನೆಗೆ ಬರುತ್ತದೆ. ಹಾಡಿನ ಜಾಗ ಹೋಗಿಲ್ಲ, ಅಲ್ಲಿ ಡಿಜೆ ಬಂದು ಕೂತಿದೆ. ಸುಕ್ರಜ್ಜಿಯಂತೂ ಮನೆಯಂಗಳದ ಹಾಡನ್ನು ವೇದಿಕೆಗೂ ಆಕಾಶವಾಣಿಗೂ ಒಯ್ದರು. ಸಂದರ್ಭ ಬದಲಾದರೂ ಹಾಡು ಬದುಕಿತು, ಏಕೆಂದರೆ ಹಿಂದೆ ದನಿಗೂಡಿಸುವವರಿದ್ದರು.

ಸರ್ಕಾರ ಪ್ರಶಸ್ತಿ, ಮಾಸಾಶನ ಕೊಡುತ್ತದಲ್ಲ ಎನ್ನಬಹುದು. ಕೊಡಲಿ, ಮುಪ್ಪಿನಲ್ಲಿ ಅದು ಆಸರೆ. ಆದರೆ ಅದು ಹೋಗುವುದು ಒಬ್ಬರಿಗೆ. ಮದುವೆಯ ಸೋಬಾನಕ್ಕೆ ಬೇಕಾದದ್ದು ಮೇಳ. ಕಲಿಸುವ ಹಿರಿಯಳಿಗೆ ಸಂಭಾವನೆ, ಕಲಿಯುವ ಹುಡುಗಿಯರಿಗೆ ವಾರಕ್ಕೊಂದು ಸಂಜೆ, ಕೂಡಲು ಊರ ಶಾಲೆಯ ಒಂದು ಕೋಣೆ, ಇಷ್ಟಕ್ಕೆ ದೊಡ್ಡ ಯೋಜನೆಯೇನೂ ಬೇಡ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ನಮ್ಮ ಊರಿನ ಪಕ್ಕದಲ್ಲೇ ಇದೆ. ಅದರ ವಿದ್ಯಾರ್ಥಿನಿಯರು ಸುತ್ತಲಿನ ಹಳ್ಳಿಗೆ ಹೋಗಿ ಹಾಡನ್ನು ದನಿಮುದ್ರಿಸುವಾಗ, ಒಪ್ಪಿದವರ ಹೆಸರು, ಊರು, ಯಾರಿಂದ ಕಲಿತರು, ಈಗ ಯಾರಿಗೆ ಕಲಿಸುತ್ತಿದ್ದಾರೆ ಎಂಬುದನ್ನೂ ಬರೆದುಕೊಳ್ಳಲಿ. ಕೊನೆಯ ಪ್ರಶ್ನೆಗೆ ‘ಯಾರಿಗೂ ಇಲ್ಲ’ ಎಂಬ ಉತ್ತರ ಬಂದ ಊರಿನಿಂದಲೇ ಕಲಿಕೆಯನ್ನು ಶುರು ಮಾಡಬೇಕು.