ಐದಕ್ಕೆ ಐದೂ ಚಿನ್ನ ಉಗಾಂಡಾಕ್ಕೆ: ಪೊಲೀಸ್ ಓಟ ಓಡೋ ನಮ್ಮ ಹುಡುಗರಿಗೆ ಇದರಲ್ಲೇನಿದೆ?

ಕೋಲಾರ: 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ನಲ್ಲಿ ನಡೆಯೋದು ಖಚಿತವಾಗಿದೆ. 2010ರ ದೆಹಲಿ ಕೂಟ ಆದ ಮೇಲೆ ಇಪ್ಪತ್ತು ವರ್ಷಕ್ಕೆ ಮತ್ತೆ ನಮ್ಮ ದೇಶಕ್ಕೆ ಬರ್ತಿದೆ. ದೆಹಲಿ ಕೂಟ ಅಂದ್ರೆ ನಮಗೆ ನೆನಪಾಗೋದು ಹಗರಣದ ಸುದ್ದಿ. ಆದರೆ ಅಲ್ಲಿ 5,000 ಮೀಟರ್, 10,000 ಮೀಟರ್ ಎರಡೂ ಓಟದಲ್ಲಿ ಚಿನ್ನ ಗೆದ್ದವರು ಯಾರು ಅಂತ ಕೇಳಿದ್ರೆ ಬಹಳ ಜನ ಕೀನ್ಯಾದವರು ಅಂತಾರೆ. ಅಲ್ಲ. ಗೆದ್ದವರು ಉಗಾಂಡಾದ ಮೋಸೆಸ್ ಕಿಪ್ಸಿರೊ.

ನಮ್ಮ ನಾಲ್ಕೂ ತಾಲೂಕಿನಲ್ಲಿ ಬೆಳಗ್ಗೆ ಐದು ಗಂಟೆಗೆ ಎದ್ದು ಓಡೋ ಹುಡುಗರಿಗೆ ಕಮ್ಮಿ ಇಲ್ಲ. ಕೋಲಾರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಹೋಗಿ ನೋಡಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರಸ್ತೆ ಬದಿ ನೋಡಿ, ಕೆರೆ ಕಟ್ಟೆ ಮೇಲೆ ನೋಡಿ. ಹಾಲಿನ ಡೇರಿಗೆ ಕ್ಯಾನು ಬರೋ ಹೊತ್ತಿಗೆ ಅವರು ಎರಡು ರೌಂಡು ಮುಗಿಸಿರ್ತಾರೆ. ಅದಕ್ಕೇ ಉಗಾಂಡಾ ಕಥೆ ನಮಗೆ ದೂರದ್ದಲ್ಲ.

ಮೊದಲು ಲೆಕ್ಕ ನೋಡೋಣ

ಕಾಮನ್‌ವೆಲ್ತ್ ಕೂಟದ ಪುರುಷರ 10,000 ಮೀಟರ್ ಓಟ ತಗೊಳ್ಳಿ. 2006 ಮೆಲ್ಬರ್ನ್: ಬೋನಿಫೇಸ್ ಕಿಪ್ರೊಪ್. 2010 ದೆಹಲಿ: ಕಿಪ್ಸಿರೊ. 2014 ಗ್ಲಾಸ್ಗೊ: ಮತ್ತೆ ಕಿಪ್ಸಿರೊ. 2018 ಗೋಲ್ಡ್ ಕೋಸ್ಟ್: ಜೋಶುವಾ ಚೆಪ್ಟೆಗೈ. 2022 ಬರ್ಮಿಂಗ್‌ಹ್ಯಾಮ್: ಜೇಕಬ್ ಕಿಪ್ಲಿಮೊ. ಐದು ಕೂಟ, ಐದು ಚಿನ್ನ, ಎಲ್ಲವೂ ಉಗಾಂಡಾ. ಪಕ್ಕದಲ್ಲೇ ಕೀನ್ಯಾದಂಥ ದೈತ್ಯ ಇಟ್ಟುಕೊಂಡು ಈ ಲೆಕ್ಕ.

ಒಲಿಂಪಿಕ್ಸ್‌ನಲ್ಲೂ ಅಷ್ಟೆ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಉಗಾಂಡಾಕ್ಕೆ ಬಂದ ನಾಲ್ಕೂ ಪದಕ ದೂರದ ಓಟದ್ದೇ. ಚೆಪ್ಟೆಗೈಗೆ 5,000 ಮೀಟರ್‌ನಲ್ಲಿ ಚಿನ್ನ, 10,000 ಮೀಟರ್‌ನಲ್ಲಿ ಬೆಳ್ಳಿ. ಕಿಪ್ಲಿಮೊಗೆ ಕಂಚು. ಪೆರುತ್ ಚೆಮುಟೈ 3,000 ಮೀಟರ್ ಸ್ಟೀಪಲ್‌ಚೇಸ್ ಗೆದ್ದು, ಆ ದೇಶಕ್ಕೆ ಒಲಿಂಪಿಕ್ಸ್ ಪದಕ ತಂದ ಮೊದಲ ಹೆಣ್ಣುಮಗಳಾದರು. 2024ರ ಪ್ಯಾರಿಸ್‌ನಲ್ಲಿ ಚೆಪ್ಟೆಗೈ 10,000 ಮೀಟರನ್ನು 26 ನಿಮಿಷ 43.14 ಸೆಕೆಂಡ್‌ನಲ್ಲಿ ಓಡಿ ಒಲಿಂಪಿಕ್ಸ್ ದಾಖಲೆ ಮಾಡಿದರು. ಚೆಮುಟೈಗೆ ಬೆಳ್ಳಿ ಬಂತು. ಒಂದು ಚಿನ್ನ, ಒಂದು ಬೆಳ್ಳಿ, ಅಷ್ಟೇ. ಆದರೂ ಆರು ಪದಕ ಗೆದ್ದು ಒಂದೂ ಚಿನ್ನ ಇಲ್ಲದ ಭಾರತಕ್ಕಿಂತ ಪಟ್ಟಿಯಲ್ಲಿ ಉಗಾಂಡಾ ಮೇಲಿತ್ತು. ಅಲ್ಲಿನ ಜನಸಂಖ್ಯೆ ಸುಮಾರು 4.6 ಕೋಟಿ, ನಮ್ಮ ಕರ್ನಾಟಕಕ್ಕಿಂತ ಕಮ್ಮಿ.

ಈ ಚೆಪ್ಟೆಗೈ ಟಿವಿಯಲ್ಲಿ ಮಾತ್ರ ನೋಡೋ ಆಸಾಮಿ ಅಲ್ಲ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವರ್ಲ್ಡ್ 10ಕೆ ಓಟ ಗೆದ್ದವರು ಅವರೇ. ಮಹಿಳೆಯರಲ್ಲಿ ಗೆದ್ದ ಸಾರಾ ಚೆಲಂಗಟ್ ಕೂಡ ಉಗಾಂಡಾದವರೇ. ಕೋಲಾರ ಬಸ್ ಸ್ಟ್ಯಾಂಡಿನಿಂದ ಎರಡು ಗಂಟೆ ದಾರಿಯಲ್ಲಿ ಅವರು ಓಡಿ ಹೋಗಿದ್ದಾರೆ.

ಬೆಟ್ಟ ಆಗಲೂ ಅಲ್ಲೇ ಇತ್ತು

ಆ ಐದು ಕಾಮನ್‌ವೆಲ್ತ್ ಚಿನ್ನ ಗೆದ್ದವರು ನಾಲ್ಕೇ ಜನ. ನಾಲ್ವರೂ ಒಂದೇ ಸೀಮೆಯವರು. ಉಗಾಂಡಾದ ಪೂರ್ವ ತುದಿಯಲ್ಲಿ, ಕೀನ್ಯಾ ಗಡಿಗೆ ತಾಗಿ ಎಲ್ಗಾನ್ ಅನ್ನೋ ಬೆಟ್ಟ ಇದೆ. ಅದರ ಮಗ್ಗುಲಲ್ಲಿ ಕಪ್ಚೊರ್ವಾ, ಬುಕ್ವೊ ಜಿಲ್ಲೆಗಳು. ಅಲ್ಲಿನ ಜನ ಕಾಫಿ, ಬಾಳೆ, ಜೋಳ ಬೆಳೆಯೋ ಸಣ್ಣ ರೈತರು. ಊರುಗಳು ಸಮುದ್ರ ಮಟ್ಟದಿಂದ 1,800 ಮೀಟರ್ ಆಸುಪಾಸಿನಲ್ಲಿ, ಕೆಲವು ಇನ್ನೂ ಮೇಲೆ. ಎತ್ತರದ ಗಾಳಿಯಲ್ಲಿ ಆಮ್ಲಜನಕ ಕಮ್ಮಿ ಸಿಗುತ್ತೆ, ಅದಕ್ಕೆ ದೇಹ ಕೆಂಪು ರಕ್ತಕಣ ಹೆಚ್ಚು ಮಾಡಿಕೊಳ್ಳುತ್ತೆ. ದೂರ ಓಡೋರಿಗೆ ಅದು ಲಾಭ.

ಹಾಗಾದ್ರೆ ಎಲ್ಲಾ ಬೆಟ್ಟದ ಮಹಿಮೆ ಅಂತ ಮುಗಿಸಿಬಿಡಬಹುದಾ? ಆಗಲ್ಲ. ಉಗಾಂಡಾದ ಮೊದಲ ಒಲಿಂಪಿಕ್ಸ್ ಚಿನ್ನ 1972ರ ಮ್ಯೂನಿಕ್‌ನಲ್ಲಿ ಬಂತು, ಜಾನ್ ಅಕೀ-ಬುವಾ 400 ಮೀಟರ್ ಹರ್ಡಲ್ಸ್ ಗೆದ್ದಾಗ. ಎರಡನೇದು ಬಂದಿದ್ದು 2012ರ ಲಂಡನ್‌ನಲ್ಲಿ, ಸ್ಟೀಫನ್ ಕಿಪ್ರೋಟಿಚ್ ಮ್ಯಾರಥಾನ್ ಗೆದ್ದಾಗ. ನಡುವೆ ನಲವತ್ತು ವರ್ಷ. ಆ ನಲವತ್ತು ವರ್ಷವೂ ಬೆಟ್ಟ ಅಲ್ಲೇ ಇತ್ತು, ಜನ ಅದೇ ಜನ. ಅದೇ ಸೀಮೆಯ ಗಡಿಯಾಚೆ ಕೀನ್ಯಾದವರು ಪದಕದ ಮೇಲೆ ಪದಕ ಹೊಡೀತಿದ್ರು.

ಬದಲಾಗಿದ್ದು ವ್ಯವಸ್ಥೆ. ನಮ್ಮ ರೈತರು ಟೊಮೆಟೊ ರೇಟು ನೋಡಿಕೊಂಡು ಗಡಿ ದಾಟಿ ಮದನಪಲ್ಲಿ ಮಂಡಿಗೆ ಹೋಗಲ್ವಾ, ಹಾಗೆ ಕಿಪ್ರೋಟಿಚ್ ಹದಿಹರೆಯದಲ್ಲೇ ಗಡಿ ದಾಟಿ ಕೀನ್ಯಾದ ಎಲ್ಡೊರೆಟ್ ಕಡೆ ಹೋದರು. ಅಲ್ಲಿನ ಗುಂಪುಗಳ ಜೊತೆ ಓಡಿ ಕಲಿತರು. ಆಮೇಲೆ ವಿದೇಶಿ ಏಜೆಂಟರು, ಕೋಚ್‌ಗಳು ಬೆಟ್ಟಕ್ಕೇ ಬಂದರು. ಚೆಪ್ಟೆಗೈ ಕೋಚ್ ಹಾಲೆಂಡಿನವರು. ಗೆದ್ದ ದುಡ್ಡಿನಲ್ಲಿ ಚೆಪ್ಟೆಗೈ ಕಪ್ಚೊರ್ವಾದಲ್ಲೇ ತರಬೇತಿ ಕೇಂದ್ರ ಕಟ್ಟಿದರು. ಇವತ್ತು ಅಲ್ಲಿನ ಹುಡುಗನಿಗೆ ಚಾಂಪಿಯನ್ ಅಂದ್ರೆ ಪೋಸ್ಟರ್ ಅಲ್ಲ, ಬೆಳಗ್ಗೆ ಅದೇ ಮಣ್ಣು ರಸ್ತೆಯಲ್ಲಿ ಎದುರು ಸಿಗೋ ಅಣ್ಣ.

'ರಕ್ತದಲ್ಲೇ ಇದೆ' ಅನ್ನೋ ಮಾತು

ಟೀ ಅಂಗಡಿಯಲ್ಲಿ ಈ ವಿಷಯ ಎತ್ತಿದ್ರೆ ಒಂದು ಉತ್ತರ ಗ್ಯಾರಂಟಿ: 'ಅದು ಆಫ್ರಿಕಾದವರ ರಕ್ತದಲ್ಲೇ ಐತೆ ಬಿಡಪ್ಪ, ನಮ್ಮ ಕೈಲಾಗಲ್ಲ.' ಈ ಮಾತನ್ನ ಕರ್ನಾಟಕದಲ್ಲೇ ಸರ್ಕಾರದ ಖರ್ಚಿನಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಉತ್ತರ ಕನ್ನಡದ ಸಿದ್ದಿ ಸಮುದಾಯದವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅದೇ ಕಾರಣಕ್ಕೆ ಅವರ ಮಕ್ಕಳು ಪದಕ ತರ್ತಾರೆ ಅಂತ ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ಮಕ್ಕಳನ್ನು ಆರಿಸಿ ತರಬೇತಿ ಶುರು ಮಾಡಿತು. ಒಳ್ಳೇ ಅಥ್ಲೀಟ್‌ಗಳು ಬಂದರು, ರಾಷ್ಟ್ರ ಮಟ್ಟದಲ್ಲಿ ಪದಕವೂ ಬಂತು. ಆದರೆ ಕೆಲವೇ ವರ್ಷದಲ್ಲಿ, 1993ರಲ್ಲಿ, ಯೋಜನೆ ನಿಂತುಹೋಯಿತು. ಕೆಲವರು ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರಿದರು, ಉಳಿದವರು ಊರಿಗೆ ವಾಪಸ್.

ಅಲ್ಲಿ ಸೋತಿದ್ದು ಮಕ್ಕಳಲ್ಲ. ಒಬ್ಬ ಓಟಗಾರ ತಯಾರಾಗೋಕೆ ಎಂಟು ಹತ್ತು ವರ್ಷ ಬೇಕು, ನಮ್ಮ ಯೋಜನೆಗೆ ಅಷ್ಟು ಆಯಸ್ಸಿರಲಿಲ್ಲ. ಕಿಪ್ಲಿಮೊ 2016ರ ರಿಯೊ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ 15 ವರ್ಷ. ಪದಕ ಬಂದಿದ್ದು ಐದು ವರ್ಷ ಆದ ಮೇಲೆ. ನಡುವಿನ ಐದು ವರ್ಷ ಯಾರೂ ಅವರನ್ನ ವಾಪಸ್ ಕಳಿಸಲಿಲ್ಲ.

ಅಲ್ಲಿ ಓಟಕ್ಕೆ ಕೆಲಸ, ಇಲ್ಲಿ ಕೆಲಸಕ್ಕೆ ಓಟ

ಇನ್ನೊಂದು ವಿಷಯ ಗಮನಿಸಿ. 1972ರಲ್ಲಿ ಗೆದ್ದ ಅಕೀ-ಬುವಾ ಪೊಲೀಸ್ ಆಗಿದ್ದರು. ಕಿಪ್ರೋಟಿಚ್ ಜೈಲು ಇಲಾಖೆ ನೌಕರ. ಚೆಪ್ಟೆಗೈ ಪೊಲೀಸ್ ಇಲಾಖೆಯವರು. ಅಂದ್ರೆ ಉಗಾಂಡಾದಲ್ಲೂ ಓಟಗಾರ ಯೂನಿಫಾರಂ ಕೆಲಸಕ್ಕೇ ಹೋಗ್ತಾನೆ, ನಮ್ಮ ಹುಡುಗರ ಹಾಗೆಯೇ. ವ್ಯತ್ಯಾಸ ಏನಂದ್ರೆ, ಅಲ್ಲಿ ಕೆಲಸ ಸಿಕ್ಕ ದಿನದಿಂದ ನಿಜವಾದ ಓಟ ಶುರು. ಸಂಬಳ ಬರುತ್ತೆ, ಇಲಾಖೆ ತಂಡಕ್ಕೆ ಓಡ್ತಾರೆ, ಹೊಟ್ಟೆ ಚಿಂತೆ ಇಲ್ಲ.

ನಮ್ಮಲ್ಲಿ? ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ಗಂಡಸರು 1,600 ಮೀಟರನ್ನು 6 ನಿಮಿಷ 30 ಸೆಕೆಂಡ್‌ನಲ್ಲಿ ಮುಗಿಸಬೇಕು, ಹೆಂಗಸರು 400 ಮೀಟರನ್ನು 2 ನಿಮಿಷದಲ್ಲಿ. ಅಗ್ನಿವೀರ್‌ಗೆ 1.6 ಕಿ.ಮೀ. 5 ನಿಮಿಷ 30 ಸೆಕೆಂಡ್ ಒಳಗೆ ಓಡಿದ್ರೆ ಪೂರ್ತಿ ಅಂಕ. ನೋಟಿಫಿಕೇಶನ್ ಬಂದಾಗ ಮೈದಾನ ತುಂಬುತ್ತೆ, ಪರೀಕ್ಷೆ ಮುಗಿದಾಗ ಖಾಲಿ. ಪಾಸಾದವನು ಓಟ ಬಿಡ್ತಾನೆ, ಫೇಲಾದವನೂ ಬಿಟ್ಟು ನರಸಾಪುರ, ವೇಮಗಲ್ ಕಡೆ ಕಂಪನಿ ಬಸ್ ಹತ್ತುತ್ತಾನೆ. ಇಬ್ಬರಲ್ಲಿ ಯಾರು ನಿಜವಾಗಿ ಓಟಗಾರ ಆಗಬಲ್ಲವನಾಗಿದ್ದ ಅಂತ ನೋಡೋರೇ ಇರಲ್ಲ.

ಅಂತರ ಎಷ್ಟಿದೆ ಅಂತಲೂ ತಿಳಿದಿರಲಿ. ಪ್ಯಾರಿಸ್‌ನಲ್ಲಿ ಚೆಪ್ಟೆಗೈ ಓಡಿದ ವೇಗಕ್ಕೆ 1,600 ಮೀಟರ್ ಲೆಕ್ಕ ಹಾಕಿದ್ರೆ 4 ನಿಮಿಷ 16 ಸೆಕೆಂಡ್ ಚಿಲ್ಲರೆ. ಅದೂ ಒಂದು ಸಲ ಅಲ್ಲ, ನಿಲ್ಲಿಸದೆ ಆರೂಕಾಲು ಸಲ. ಹೀಗಾಗಿ ನಾಳೆ ಬೆಳಗ್ಗೆ ಕೋಲಾರದಿಂದ ಒಲಿಂಪಿಕ್ಸ್ ಪದಕ ಅಂತ ಯಾರಾದ್ರೂ ವೇದಿಕೆ ಮೇಲೆ ಭಾಷಣ ಮಾಡಿದ್ರೆ ನಂಬಬೇಡಿ. ಆದರೆ ಆಗೋದೇ ಇಲ್ಲ ಅನ್ನೋದೂ ಸುಳ್ಳು. ಮಹಾರಾಷ್ಟ್ರದ ಬೀಡ್ ನಮ್ಮ ಹಾಗೇ ಮಳೆ ಕೈಕೊಡೋ ಜಿಲ್ಲೆ. ಅಲ್ಲಿನ ರೈತನ ಮಗ ಅವಿನಾಶ್ ಸಾಬ್ಳೆ ಸೈನ್ಯಕ್ಕೆ ಸೇರಿದ ಮೇಲೆ ಓಟಗಾರ ಆದವರು. 1998ರಿಂದ 2018ರವರೆಗೆ ಕಾಮನ್‌ವೆಲ್ತ್ ಸ್ಟೀಪಲ್‌ಚೇಸ್‌ನ ಮೂರೂ ಪದಕ ಪ್ರತಿ ಸಲ ಕೀನ್ಯಾದವರದ್ದೇ. 2022ರಲ್ಲಿ ಸಾಬ್ಳೆ ನಡುವೆ ನುಗ್ಗಿ ಬೆಳ್ಳಿ ಗೆದ್ದರು. ಚಿನ್ನ ತಪ್ಪಿದ್ದು ಒಂದು ಸೆಕೆಂಡಿನ ನೂರರಲ್ಲಿ ಐದು ಪಾಲಿನಿಂದ.

ನಮ್ಮ ಜಿಲ್ಲೆ ಒಂದು ಕಾಲಕ್ಕೆ ಮಾಡಿತ್ತು

ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದವರು, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಅವರದ್ದು ದೂರದ ಓಟ ಅಲ್ಲ, 100, 200 ಮೀಟರ್. ಆದರೆ ದಾರಿ ನೋಡಿ: ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಕೆಲಸ ಇತ್ತು, ಕೆಲಸದ ಜೊತೆ ಓಟ ಬೆಳೀತು. 2022ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ನಮ್ಮ ತಾಲೂಕುಗಳಲ್ಲಿ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತಿತ್ತು?

ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಸರ್ಕಾರಿ ಕಾರ್ಖಾನೆಗಳ ಕ್ರೀಡಾ ತಂಡಗಳ ಕಾಲವೂ ಹೋಯಿತು. ಈಗ ಜಿಲ್ಲೆಯಲ್ಲಿರೋದು ನರಸಾಪುರ, ವೇಮಗಲ್, ಮಾಲೂರಿನ ದೊಡ್ಡ ಕಂಪನಿಗಳು. ಸಿಎಸ್‌ಆರ್ ದುಡ್ಡಲ್ಲಿ ಬೆಂಚು, ಟ್ಯಾಂಕು ಕೊಡೋದು ಸರಿ. ಅದರ ಜೊತೆಗೆ ಜಿಲ್ಲಾ ಮಟ್ಟದಲ್ಲಿ ಗೆದ್ದ ನಾಲ್ಕು ಓಟಗಾರರಿಗೆ ಅರ್ಧ ದಿನದ ಶಿಫ್ಟು, ಪೂರ್ತಿ ಸಂಬಳ ಕೊಡಿ ಅಂತ ನಮ್ಮ ಜನಪ್ರತಿನಿಧಿಗಳು ಒಂದು ಸಲ ಕೇಳಿ ನೋಡಲಿ.

ಹೆಣ್ಣುಮಕ್ಕಳ ಮಾತು

ಉಗಾಂಡಾ ಕಥೆಯಲ್ಲಿ ಎಲ್ಲಾ ಸಿಹಿ ಇಲ್ಲ. ಪ್ಯಾರಿಸ್‌ನಲ್ಲಿ ಮ್ಯಾರಥಾನ್ ಓಡಿದ ರೆಬೆಕಾ ಚೆಪ್ಟೆಗೈ, ಕೂಟ ಮುಗಿದು ತಿಂಗಳಾಗೋದ್ರೊಳಗೆ, 2024ರ ಸೆಪ್ಟೆಂಬರ್ 5ರಂದು ಸತ್ತರು. ಜೊತೆಗಿದ್ದ ಗಂಡಸು ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ್ದ. ತರಬೇತಿಗೆ ಅನುಕೂಲ ಅಂತ ಕೀನ್ಯಾದಲ್ಲಿ ಆಕೆ ಮಾಡಿದ್ದ ಜಾಗದ ತಕರಾರು ಅದರ ಹಿಂದಿತ್ತು ಅಂತ ವರದಿಗಳಾದವು. ಓಟದಿಂದ ದುಡ್ಡು ಬಂದರೆ ಆ ದುಡ್ಡು ಯಾರ ಹೆಸರಲ್ಲಿರುತ್ತೆ, ಹುಡುಗಿ ಯಾರ ಜೊತೆ ತರಬೇತಿಗೆ ಹೋಗ್ತಾಳೆ ಅನ್ನೋದೂ ಮೊದಲೇ ಯೋಚನೆ ಮಾಡಬೇಕಾದ ವಿಷಯ.

ನಮ್ಮಲ್ಲಿ ಹುಡುಗಿಯರು ಅಷ್ಟು ದೂರ ಹೋಗೋದೇ ಇಲ್ಲ, ಎಸ್ಸೆಸ್ಸೆಲ್ಸಿಗೇ ನಿಲ್ತಾರೆ. ಹೋಬಳಿ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಶಾಲಾ ಕ್ರೀಡಾಕೂಟದ ಮೆಟ್ಟಿಲೇನೋ ಇದೆ. ತಾಲೂಕಲ್ಲಿ ಫಸ್ಟ್ ಬಂದ ಹುಡುಗಿ ಮುಂದಿನ ಕೂಟದ ತನಕ ಎಲ್ಲಿ ಓಡಬೇಕು? ಬೆಳಗ್ಗೆ ಐದಕ್ಕೆ ಒಬ್ಬಳೇ ರಸ್ತೆಗೆ ಇಳಿಯೋಕೆ ಮನೆಯವರು ಬಿಡಲ್ಲ, ಅವರನ್ನ ತಪ್ಪು ಅನ್ನೋಕೂ ಆಗಲ್ಲ. ಬೀದಿದೀಪ ಇರೋ ಒಂದು ಕಿಲೋಮೀಟರ್ ರಸ್ತೆ, ಜೊತೆಗೆ ಹತ್ತು ಹುಡುಗಿಯರು, ಒಬ್ಬ ದೈಹಿಕ ಶಿಕ್ಷಕಿ. ಬೇಕಾಗಿರೋದು ಇಷ್ಟೇ.

ಅಂಗಡಿಯವರು ಏನು ಮಾಡಬಹುದು

ಸಿಂಥೆಟಿಕ್ ಟ್ರ್ಯಾಕ್ ಬರಲಿ ಅಂತ ಕಾಯೋದು ಬೇಡ. ಕಪ್ಚೊರ್ವಾದವರು ಓಡಿದ್ದು ಮಣ್ಣು ರಸ್ತೆಯಲ್ಲಿ. ಕೋಲಾರ ಸುಮಾರು 800 ಮೀಟರ್ ಎತ್ತರದಲ್ಲಿದೆ, ಅವರಷ್ಟು ಎತ್ತರ ನಮಗಿಲ್ಲ, ಅದನ್ನ ಬದಲಾಯಿಸೋಕೂ ಆಗಲ್ಲ. ಆದರೆ ಅಂತರಗಂಗೆ ಬೆಟ್ಟ ಇದೆ, ತುಂಬಿದ ಕೆರೆಗಳ ಕಟ್ಟೆ ಇದೆ, ತಂಪು ಬೆಳಗು ಇದೆ.

ನಮಗಿಲ್ಲದ್ದು ವರ್ಷಪೂರ್ತಿ ಓಟ. ಪ್ರತಿ ತಾಲೂಕಲ್ಲಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಆರಕ್ಕೆ, ಅದೇ ರಸ್ತೆ, ಅದೇ ದೂರ. ಹೈಸ್ಕೂಲ್ ಮಕ್ಕಳಿಗೆ 3 ಕಿ.ಮೀ., ದೊಡ್ಡವರಿಗೆ 5 ಕಿ.ಮೀ. ಪ್ರತಿಯೊಬ್ಬರ ಟೈಮು ಬರೆದಿಡಬೇಕು, ಅದೇ ಮುಖ್ಯ. ಆಗ ಯಾರು ತಿಂಗಳಿಂದ ತಿಂಗಳಿಗೆ ಸುಧಾರಿಸ್ತಿದ್ದಾರೆ ಅಂತ ಕಣ್ಣಿಗೆ ಕಾಣುತ್ತೆ. ಇಪ್ಪತ್ತು ಅಂಗಡಿ ತಿಂಗಳಿಗೆ 500 ರೂಪಾಯಿ ಹಾಕಿದ್ರೆ 10,000 ಆಯ್ತು. ಗೆದ್ದವರಿಗೆ ಒಳ್ಳೇ ಶೂ, ಎಲ್ಲರಿಗೂ ಬಾಳೆಹಣ್ಣು, ಹಾಲು, ಮೊಟ್ಟೆ. ಕಪ್ಪು, ಹಾರ, ಫ್ಲೆಕ್ಸ್ ಏನೂ ಬೇಡ. ಗಣೇಶನ ಹಬ್ಬಕ್ಕೆ, ಕ್ರಿಕೆಟ್ ಟೂರ್ನಮೆಂಟಿಗೆ ನಾವು ಕೊಡೋ ಚಂದಾ ಮುಂದೆ ಇದೇನು ದೊಡ್ಡದಲ್ಲ.

ಇದರಲ್ಲಿ ನಷ್ಟ ಆಗೋರು ಯಾರೂ ಇಲ್ಲ. ವರ್ಷವಿಡೀ 5 ಕಿ.ಮೀ. ಓಡಿದ ಹುಡುಗನಿಗೆ ಪೊಲೀಸ್ ಪರೀಕ್ಷೆಯ 1,600 ಮೀಟರ್ ಲೆಕ್ಕಕ್ಕಿಲ್ಲ, ಪದಕ ಬರದಿದ್ದರೂ ಕೆಲಸದ ದಾರಿ ಸಲೀಸು. ಅವರಲ್ಲಿ ಒಬ್ಬನಿಗೋ ಒಬ್ಬಳಿಗೋ ಅದಕ್ಕಿಂತ ಹೆಚ್ಚಿನದು ಇದ್ದರೆ ಅದು ಪುಸ್ತಕದಲ್ಲಿ ಬರೆದಿಟ್ಟ ಟೈಮಿನಲ್ಲಿ ಕಾಣುತ್ತೆ. ಇವತ್ತು ಒಂಬತ್ತನೇ ಕ್ಲಾಸಲ್ಲಿರೋ ಮಗು ಅಹಮದಾಬಾದ್ ಕೂಟದ ಹೊತ್ತಿಗೆ ಹದಿನೆಂಟರ ಆಸುಪಾಸು. ಆ ಕೂಟಕ್ಕಲ್ಲದಿದ್ರೂ ಅದರ ಮುಂದಿನದಕ್ಕೆ ತಯಾರಾಗೋ ವಯಸ್ಸು. ಆ ಮಗು ಈಗ ಯಾವ ಊರಲ್ಲಿದೆ ಅಂತ ಗೊತ್ತಾಗಬೇಕಾದ್ರೆ ಮೊದಲು ಓಡಿಸಿ ನೋಡಬೇಕು.