ಗಿಯರ್‌ಬಾಕ್ಸ್ ಒಂದನ್ನೇ ಆರಿಸಲಾಗದು

ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಮಿಂಚಂಚೆ ಬರೆದಿದ್ದ. ಅವನಲ್ಲಿ 1980ರ ದಶಕದ ಆಡಿ ಕ್ವಾಟ್ರೋ ಕಾರೊಂದಿದೆ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಚಾಲನೆಯುಳ್ಳದ್ದು. ಚಳಿಗಾಲದಲ್ಲಿ ಹೆಂಡತಿ ಮಕ್ಕಳೊಡನೆ ಆಲ್ಪ್ಸ್ ಪರ್ವತದ ದಾರಿಗಳನ್ನು ಹತ್ತಿಳಿಯುವುದು ಅದರಲ್ಲೇ. ಈಗ ಗಿಯರ್‌ಬಾಕ್ಸ್ ಕೆಟ್ಟಿದೆ. ಗುಜರಿಯಲ್ಲಿ ಎರಡು ಸಿಕ್ಕಿವೆಯಂತೆ. ಒಂದರಲ್ಲಿ ನಡುವಿನ ಡಿಫರೆನ್ಷಿಯಲ್ ಅನ್ನು ಚಾಲಕನೇ ಲಾಕ್ ಮಾಡಬೇಕು. ಮತ್ತೊಂದರಲ್ಲಿ ಟಾರ್ಸನ್ ಎಂಬ ಅನಂತರದ ಬಗೆ. "ಯಾವುದನ್ನು ಆರಿಸಲಿ ಸಾರ್?" ಎಂದು ಕೇಳಿದ್ದಾನೆ.

ಸ್ಕೂಟರ್ ಬಿಟ್ಟು ಬೇರೇನನ್ನೂ ಓಡಿಸದವನನ್ನು ಕೇಳುವುದೇ ಎಂದು ನಗುವವರು ನಗಲಿ. ಇದರಲ್ಲಿ ನನ್ನದೊಂದು ಹಳೆಯ ಸಾಲವಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ನಮ್ಮ ಶಾಲೆಯ ಮುಂದೆ ಲಾರಿಯೊಂದು ಹೂತುಹೋಗಿತ್ತು. ಒಂದು ಹಿಂಚಕ್ರ ಕೆಸರಿನಲ್ಲಿ ಗರಗರನೆ ತಿರುಗುತ್ತಿತ್ತು, ಇನ್ನೊಂದು ಗಟ್ಟಿನೆಲದ ಮೇಲೆ ಸುಮ್ಮನೆ ನಿಂತಿತ್ತು. ತಿರುಗುಬಲವೆಲ್ಲ ತಿರುಗುವ ಚಕ್ರಕ್ಕೇ ಹೋಗುತ್ತಿದೆ ಎಂದು ತರಗತಿಯಲ್ಲಿ ಹೇಳಿಬಿಟ್ಟೆ. ಅದು ತಪ್ಪು. ಸಾಮಾನ್ಯ ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಹೆಚ್ಚುಕಡಿಮೆ ಸಮನಾದ ತಿರುಗುಬಲವನ್ನೇ ಕೊಡುತ್ತದೆ. ಕೆಸರಿನ ಚಕ್ರ ತಾಳಿಕೊಳ್ಳುವಷ್ಟು ಅಲ್ಪವೇ ಗಟ್ಟಿನೆಲದ ಚಕ್ರಕ್ಕೂ ದಕ್ಕುತ್ತದೆ. ಆ ದಿನ ಮೊದಲ ಬೆಂಚಿನಲ್ಲಿ ಕುಳಿತು ಬರೆದುಕೊಂಡವನು ಈತನೇ.

ನಾಲ್ಕು ಚಕ್ರ ಚಾಲನೆಯ ಇಂಥ ಕಾರಿನಲ್ಲಿ ಡಿಫರೆನ್ಷಿಯಲ್‌ಗಳು ಮೂರು. 1980ರ ಮಾರ್ಚಿನಲ್ಲಿ ಜಿನೀವಾದಲ್ಲಿ ಪ್ರದರ್ಶನಗೊಂಡ ಕ್ವಾಟ್ರೋದ ಜಾಣ್ಮೆಯೆಂದರೆ ಗಿಯರ್‌ಬಾಕ್ಸಿನೊಳಗಿನ 263 ಮಿಲಿಮೀಟರ್ ಉದ್ದದ ಟೊಳ್ಳು ಶಾಫ್ಟ್. ಬಲ ಅದರ ಮೂಲಕ ನಡುವಿನ ಡಿಫರೆನ್ಷಿಯಲ್‌ಗೆ ಹೋಗಿ, ಒಂದು ಪಾಲು ಹಿಂಚಕ್ರಗಳತ್ತ ಸಾಗಿದರೆ ಇನ್ನೊಂದು ಪಾಲು ಆ ಟೊಳ್ಳಿನೊಳಗಿನ ಮತ್ತೊಂದು ಶಾಫ್ಟಿನಲ್ಲಿ ಮುಂದಕ್ಕೆ ಮರಳುತ್ತದೆ. ಹೀಗಾಗಿ ಮುಂದಿನದೂ ನಡುವಿನದೂ ಗಿಯರ್‌ಬಾಕ್ಸಿನ ಒಡಲಲ್ಲೇ ಇವೆ. ಹಿಂದಿನದು ಮಾತ್ರ ಬೇರೆ.

ಅಪಾಯವಿರುವುದು ಇಲ್ಲಿಯೇ. ಹಿಂದೆ 9 ಹಲ್ಲಿನ ಪಿನಿಯನ್, 35 ಹಲ್ಲಿನ ಕ್ರೌನ್ ವೀಲ್ ಇದೆಯೆನ್ನೋಣ, ಅನುಪಾತ 3.89. ಹೊಸದಾಗಿ ತಂದ ಗಿಯರ್‌ಬಾಕ್ಸಿನಲ್ಲಿ ಮುಂದಿನದು 37ಕ್ಕೆ 9, ಅಂದರೆ 4.11 ಆಗಿದ್ದರೆ? ನಡುವಿನ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ಸವೆಯುತ್ತದೆ. ಅದನ್ನು ಲಾಕ್ ಮಾಡಿದರಂತೂ ಟೈರುಗಳೇ ಜಾರಿ ಲೆಕ್ಕ ಸರಿಮಾಡಬೇಕು. ಹಿಮದ ತಿರುವಿನಲ್ಲಿ, ಮಕ್ಕಳು ಹಿಂದೆ ಕುಳಿತಿರುವಾಗ, ಆ ಜಾರಿಕೆ ಬೇಡ. ಇನ್ನು, ಎರಡೂ ಕಡೆ 4.11 ಹಾಕಿದರೆ ಹೊಂದಾಣಿಕೆಯೇನೋ ಸರಿ. ಆದರೆ ಐದನೆಯ ಗಿಯರಿನ ಅನುಪಾತ ಒಂದೇ ಆಗಿದ್ದಲ್ಲಿ, ಮೊದಲು ನಿಮಿಷಕ್ಕೆ 3000 ಸುತ್ತುತ್ತಿದ್ದ ಎಂಜಿನ್ ಅದೇ ವೇಗಕ್ಕೆ ಸುಮಾರು 3170 ಸುತ್ತಬೇಕು. ದೂರಪ್ರಯಾಣದ ಕಾರಿಗೆ 3.89ರ ಜೋಡಿಯೇ ಮೇಲು.

ಬಗೆಯ ವಿಚಾರದಲ್ಲಿ ನಾನು ಟಾರ್ಸನ್ ಪಕ್ಷ. ಆಡಿ ಅದನ್ನು 1986ರಲ್ಲಿ ತಂದಿತು. ವರ್ಮ್ ಗಿಯರುಗಳ ಘರ್ಷಣೆಯಿಂದಾಗಿ ಹಿಡಿತವಿರುವ ಕಡೆಗೆ ಹೆಚ್ಚು ತಿರುಗುಬಲ ತಾನಾಗಿ ಸಿಗುತ್ತದೆ. ಕೈಯಿಂದ ಲಾಕ್ ಮಾಡುವುದೇ ಗಟ್ಟಿ ಎಂದು ಅವನ ಗೆಳೆಯರು ವಾದಿಸುತ್ತಾರಂತೆ. ಆಳವಾದ ಹಿಮದಲ್ಲಿ ಹೂತಾಗ ಒಪ್ಪುವ ಮಾತೇ. ಆದರೆ ತಿರುವಿನಾಚೆಯ ಒದ್ದೆ ಎಲೆಗಳು ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಟಾರ್ಸನ್‌ಗೂ ಒಂದು ದೌರ್ಬಲ್ಯವುಂಟು: ಅದು ಹಿಡಿತ ಕಡಿಮೆಯಿರುವ ಕಡೆಯ ಬಲವನ್ನು ಕೆಲವು ಪಟ್ಟು ಮಾಡಿ ಇನ್ನೊಂದು ಕಡೆಗೆ ಕೊಡುತ್ತದೆ. ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ ತಾನೆ! ಚಕ್ರ ಗಾಳಿಯಲ್ಲಿ ತೇಲಿದಾಗ ಬ್ರೇಕನ್ನು ಮೆಲ್ಲಗೆ ಒತ್ತಿ ಅದಕ್ಕೆ ಸ್ವಲ್ಪ ಭಾರ ಕೊಡಬೇಕು.

ಗಿಯರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲ್ ಅನ್ನೂ ಒಂದೇ ಕಾರಿನಿಂದ ಬಿಚ್ಚಿಸಿ ತಾ, ಅಗ್ಗವೆಂದು ಬಿಡಿಬಿಡಿಯಾಗಿ ಕೊಳ್ಳಬೇಡ ಎಂದು ಬರೆದೆ. ಹಿಂದಿನದಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಎರಡು ಬದಿಗಳೂ ಒಟ್ಟಿಗೆ 9 ಸುತ್ತು ಬರುವವರೆಗೆ ಪಿನಿಯನ್ ಎಷ್ಟು ಸುತ್ತುತ್ತದೆಂದು ಎಣಿಸಲೂ ಹೇಳಿದೆ. ಶನಿವಾರ ಎಣಿಸುತ್ತಾನಂತೆ. ಅದೇ ಪತ್ರದಲ್ಲಿ ಹಳೆಯ ಪಾಠದ ತಪ್ಪನ್ನೂ ಒಪ್ಪಿಕೊಂಡಿದ್ದೆ. ಅದಕ್ಕೆ ಮಾತ್ರ ಅವನಿಂದ ಇನ್ನೂ ಉತ್ತರ ಬಂದಿಲ್ಲ.