ಯಾವ ಊರಿನಲ್ಲಿರೋಣ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದರು. “ಊರು ಹುಡುಕಿ ನೋಡು” ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಸೇರಿಸುವ ಅಗತ್ಯವೂ ಅವರಿಗಿರಲಿಲ್ಲ. ಗಂಡಾದರೆ ಹುಟ್ಟಿದ ಊರು, ಹೆಣ್ಣಾದರೆ ಕೊಟ್ಟ ಊರು. ಬರವೋ ಬೇನೆಯೋ ಸಾಲವೋ ಬೆನ್ನಟ್ಟಿದ ಹೊರತು ಯಾರೂ ಗಂಟುಮೂಟೆ ಕಟ್ಟುತ್ತಿರಲಿಲ್ಲ. ಈಗ ಹಾಗಿಲ್ಲ. ನೌಕರಿ ಒಂದು ಕಡೆ, ಮಕ್ಕಳ ಕಾಲೇಜು ಒಂದು ಕಡೆ, ಆಸ್ಪತ್ರೆ ಮತ್ತೊಂದು ಕಡೆ. ಮಧ್ಯಮವರ್ಗದ ಪ್ರತಿಯೊಂದು ಸಂಸಾರವೂ ಒಂದಲ್ಲ ಒಂದು ದಿನ ಊಟದ ತಟ್ಟೆಯ ಮುಂದೆ ಕುಳಿತು, “ಯಾವ ಊರಿನಲ್ಲಿರೋಣ?” ಎಂದು ಕೇಳಿಕೊಳ್ಳಲೇಬೇಕಾಗಿದೆ.

ಈ ಪ್ರಶ್ನೆಗೆ ಹಳೆಯದೊಂದು ಉತ್ತರವಿದೆ. ಚಾಣಕ್ಯನ ಹೆಸರಿನಲ್ಲಿ ಪ್ರಚಲಿತವಾಗಿರುವ ನೀತಿಗಳಲ್ಲಿ ವಾಸಕ್ಕೆ ಯೋಗ್ಯವಾದ ಊರಿನ ಲಕ್ಷಣಗಳು ಐದೆಂದು ಎಣಿಸಲಾಗಿದೆ: ಧನಿಕನಿರಬೇಕು, ವಿದ್ವಾಂಸನಿರಬೇಕು, ಅರಸನಿರಬೇಕು, ನದಿ ಇರಬೇಕು, ವೈದ್ಯನಿರಬೇಕು. ಇಂದಿನ ಮಾತಿನಲ್ಲಿ ಹೇಳುವುದಾದರೆ ಸಂಬಳ, ಶಾಲೆ, ಕಚೇರಿ, ನಲ್ಲಿ, ಆಸ್ಪತ್ರೆ. ಪಟ್ಟಿಯಲ್ಲಿ ಕೂಡಿಸಬೇಕಾದದ್ದು ಏನೂ ಉಳಿದಂತೆ ಕಾಣುವುದಿಲ್ಲ. ಆದರೂ ಒಂದು ಕೊರತೆ ಇದೆಯೆಂಬುದು ನನಗೆ ಈಚೆಗೆ ತೋರಿಬಂದಿತು. ಆ ವಿಚಾರವನ್ನು ವಾಚಕರ ಮುಂದಿಡಬೇಕೆಂಬುದೇ ಈ ವಾರದ ಉದ್ದೇಶ.

ಸಂಡೂರು ತಾಲ್ಲೂಕಿನ ಯಶವಂತನಗರದಲ್ಲಿ ನನಗೆ ಬೇಕಾದ ಸಂಸಾರವೊಂದಿದೆ. ಯಜಮಾನರಿಗೆ ತೋರಣಗಲ್ಲಿನ ಕಡೆ ಉದ್ಯೋಗ, ಪಾಳಿಯ ಕೆಲಸ. ಗೃಹಿಣಿ ಮನೆಯನ್ನು ತೂಗಿಸುವವರು. ಮಗಳು ಎಸ್.ಎಸ್.ಎಲ್.ಸಿ. ಮುಗಿಸಿ ವಿಜ್ಞಾನ ಓದಬೇಕೆಂದಿದ್ದಾಳೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಕಳೆದ ಮಳೆಗಾಲದ ಒಂದು ರಾತ್ರಿ ಅಜ್ಜಿಗೆ ಉಸಿರು ಸಿಕ್ಕಿಕೊಂಡಿತು. ವಾಹನ ಗೊತ್ತುಮಾಡಿ ವೈದ್ಯರ ಮುಂದೆ ನಿಲ್ಲಿಸುವುದರೊಳಗೆ ಮನೆಯವರ ಪ್ರಾಣವೂ ಬಾಯಿಗೆ ಬಂದಿತ್ತು. ಅಂದಿನಿಂದ ಊರು ಬದಲಿಸುವ ಮಾತು ಗಟ್ಟಿಯಾಯಿತು. ಯಜಮಾನರು ತೋರಣಗಲ್ಲು ಎಂದರು. ಮಗಳು ಬಳ್ಳಾರಿ ಎಂದಳು. ಗೃಹಿಣಿಯ ಅಣ್ಣ ಹೊಸಪೇಟೆಯಲ್ಲಿ ನಿವೇಶನ ನೋಡಿರುವುದಾಗಿ ಹೇಳಿ ಕಳುಹಿಸಿದರು. ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಎಲ್ಲವೂ ತಿಳಿದಿರುತ್ತದೆಂಬ ನಂಬಿಕೆಯಿಂದ ನನ್ನನ್ನು ಪಂಚಾಯಿತಿಗೆ ಕರೆದರು. ನಾನು ಚಾಣಕ್ಯನ ಐದು ಬೆರಳುಗಳನ್ನೇ ಹಿಡಿದು ಎಣಿಸತೊಡಗಿದೆ.

ಮೊದಲನೆಯದು ಧನ. ನಮ್ಮ ಸೀಮೆಯಲ್ಲಿ ಧನವೆಂದರೆ ಕೆಂಪು ಮಣ್ಣು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಬೆಲೆ ಏರಿದಾಗ ಸಂಡೂರು ಹೊಸಪೇಟೆಗಳ ರಸ್ತೆಗಳಲ್ಲಿ ಲಾರಿಗಳ ಸಾಲು ಹಗಲಿರುಳು ಹರಿಯಿತು. ಮನೆಬಾಡಿಗೆ ಏರಿತು; ಹೊಲ ಮಾರಿ ಲಾರಿ ಕೊಂಡವರು ಎಷ್ಟೋ ಮಂದಿ. 2011ರ ಜುಲೈ ತಿಂಗಳಿನಲ್ಲಿ ಲೋಕಾಯುಕ್ತರ ವರದಿ ಹೊರಬಂದಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಒಂದೇ ಆಜ್ಞೆಗೆ ಸಾಲುಸಾಲು ಲಾರಿಗಳು ನಿಂತಲ್ಲಿಯೇ ತುಕ್ಕು ಹಿಡಿದವು. ಮುಂದೆ ಹಂತಹಂತವಾಗಿ ಗಣಿಗಳು ತೆರೆದುಕೊಂಡವೆಂಬುದು ನಿಜ. ಆದರೆ ಸಾಲದ ಕಂತು ಹಂತಹಂತವಾಗಿ ಕಾಯುವುದಿಲ್ಲವಷ್ಟೆ! ತೋರಣಗಲ್ಲಿನ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿಯವರು ಅಡಿಗಲ್ಲಿಟ್ಟದ್ದು 1971ರಲ್ಲಿ. ಜಿಂದಾಲ್ ಸಂಸ್ಥೆ ಅಲ್ಲಿ ಕಾಲಿಟ್ಟದ್ದು 1990ರ ದಶಕದಲ್ಲಿ. ನಡುವೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾಲ ಸಂದುಹೋಯಿತು. ಅಡಿಗಲ್ಲನ್ನು ನಂಬಿ ಊರು ಆರಿಸಿದವನ ತಲೆ ಅಷ್ಟರಲ್ಲಿ ನರೆತಿರುತ್ತದೆ. ಆದುದರಿಂದ ಧನವೊಂದನ್ನೇ ನೋಡಿ ಊರು ಹಿಡಿಯಬಾರದು. ಗಣಿಯ ಊರಿನಲ್ಲಿ ಸಂಬಳ ತೆಗೆದುಕೊಳ್ಳಬಹುದು. ಮನೆ ಅಲ್ಲಿಯೇ ಇರಬೇಕೆಂಬ ನಿಯಮವಿಲ್ಲ.

ಎರಡನೆಯದು ವಿದ್ಯೆ. ಇದರಲ್ಲಿ ಬಳ್ಳಾರಿಗೆ ಹಿರಿತನ ಸಲ್ಲಬೇಕು. ಹಳೆಯ ಕಾಲೇಜುಗಳು ಅಲ್ಲಿವೆ. 2010ರಲ್ಲಿ ಶ್ರೀಕೃಷ್ಣದೇವರಾಯನ ಹೆಸರಿನ ವಿಶ್ವವಿದ್ಯಾಲಯವೂ ಬಂದಿತು. ಹೊಸಪೇಟೆಯ ಮಗ್ಗುಲಿನ ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ನಮ್ಮ ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿಯೇ ಸ್ನಾತಕೋತ್ತರ ಕೇಂದ್ರವಿದೆಯೆಂಬುದನ್ನು ಸಂಡೂರಿನವರೇ ಮರೆಯುತ್ತಾರೆ. ಆದರೆ ಇತ್ತೀಚೆಗೆ ಈ ಲೆಕ್ಕವನ್ನೇ ಬದಲಿಸಿದ ಸಂಗತಿಯೊಂದಿದೆ. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ನಾಡಿನ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವಿಲ್ಲ. ಹಿಂದೆ, “ಮಗಳನ್ನು ಓದಿಸಬೇಕಾದರೆ ಮನೆಯನ್ನೇ ಎತ್ತಬೇಕು” ಎನ್ನುತ್ತಿದ್ದ ತಂದೆ ಇಂದು, “ಬೆಳಗಿನ ಬಸ್ಸಿಗೆ ಕಳುಹಿಸೋಣ” ಎನ್ನಬಲ್ಲನು. ನಮ್ಮ ತರಗತಿಯ ಮುಂದಿನ ಬೆಂಚುಗಳಲ್ಲಿ ಈಗ ಹಳ್ಳಿಯ ಹುಡುಗಿಯರ ಸಂಖ್ಯೆಯನ್ನು ಕಂಡು ನಾನು ಸಂತೋಷಪಡುತ್ತೇನೆ. ಮೇಲಾಗಿ, ವಿದ್ಯೆಯ ಅವಧಿ ಅಲ್ಪ. ಪಿ.ಯು.ಸಿ. ಎಂಬುದು ಎರಡೇ ವರ್ಷ. ಎರಡು ವರ್ಷದ ಓದಿಗಾಗಿ ಇಡೀ ಮನೆಯ ಬೇರು ಕೀಳುವ ಮುನ್ನ ಒಮ್ಮೆ ಯೋಚಿಸಬೇಕು.

ಮೂರನೆಯವನು ಅರಸ. ಈ ವಿಷಯದಲ್ಲಿ ಅಜ್ಜಿಯಷ್ಟು ಅನುಭವ ಯಾರಿಗೂ ಇರಲಾರದು. ಆಕೆ ಹುಟ್ಟಿದ್ದು ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನದ ಪ್ರಜೆಯಾಗಿ. 1949ರಲ್ಲಿ ಸಂಸ್ಥಾನ ವಿಲೀನವಾದಾಗ ಮದರಾಸಿನವರಾದರು. 1953ರ ಅಕ್ಟೋಬರ್ 1ರಂದು ಮೈಸೂರಿನವರಾದರು. 1973ರಲ್ಲಿ ಕರ್ನಾಟಕದವರಾದರು. ಇಷ್ಟೂ ಆದದ್ದು ಆಕೆ ತಾಲ್ಲೂಕಿನ ಗಡಿ ದಾಟದೆ! ಊರು ಬಿಟ್ಟು ನಾವು ಹೋಗದಿದ್ದರೂ ಅರಸರು ನಮ್ಮನ್ನು ಬಿಟ್ಟು ಹೋಗುತ್ತಾರೆ. 2021ರ ಅಕ್ಟೋಬರ್ 2ರಂದು ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ವಿಜಯನಗರ ಜಿಲ್ಲೆ ಉದ್ಘಾಟನೆಯಾಯಿತು. ಸಂಡೂರು ಮತ್ತು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಆದುದರಿಂದ ಯಶವಂತನಗರದವರು ಇಂದು ಹೊಸಪೇಟೆಗೆ ಹೋಗಿ ನೆಲೆಸುವುದೆಂದರೆ ಜಿಲ್ಲೆಯನ್ನೇ ದಾಟಿದಂತೆ. ಪಡಿತರ ಚೀಟಿ, ಮತದಾರರ ಪಟ್ಟಿ ಎಲ್ಲವನ್ನೂ ತಿದ್ದಿಸಬೇಕು. ಎರಡೂ ಜಿಲ್ಲೆಗಳು ಕಲ್ಯಾಣ ಕರ್ನಾಟಕಕ್ಕೆ ಸೇರಿರುವುದರಿಂದ 371ಜೆ ವಿಧಿಯ ಮೀಸಲಾತಿಗೆ ಮಾತ್ರ ಬಾಧಕವಿಲ್ಲ.

ನಾಲ್ಕನೆಯದು ನದಿ. ಹೊಸಪೇಟೆಗೆ ತುಂಗಭದ್ರೆಯ ಭಾಗ್ಯವುಂಟು. 1945ರಲ್ಲಿ ಆರಂಭವಾದ ಅಣೆಕಟ್ಟು 1953ರಲ್ಲಿ ನೀರು ಹಿಡಿಯಿತು. ಬಳ್ಳಾರಿಗೆ ದಡದ ನದಿಯಿಲ್ಲ. ಅದು ಕಾಲುವೆಯಲ್ಲಿ ಬಂದ ಅದೇ ನದಿಯನ್ನು ಕೆರೆಯಲ್ಲಿ ಕೂಡಿಟ್ಟು ಕುಡಿಯುತ್ತದೆ. ಆದರೆ ನದಿಯ ಮಗ್ಗುಲಲ್ಲಿರುವವರಿಗೆ ನೆಮ್ಮದಿ ಖಾತ್ರಿಯೆನ್ನಬೇಡಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂಡಿಸುವವರೆಗೆ ಕೆಳಗಿನ ಊರುಗಳಿಗೆ ನಿದ್ರೆಯಿಲ್ಲ. ಹೊಳೆ ತುಂಬಿ ಬಂದಾಗ ಕಂಪ್ಲಿಯ ಸೇತುವೆ ಮುಳುಗುವುದು ಆ ಊರಿನವರಿಗೆ ಹೊಸದಲ್ಲ. ನಲ್ಲಿಯ ವಿಷಯದಲ್ಲಿ ಕೇಳಬೇಕಾದದ್ದು ಊರಿಗೆ ನದಿಯಿದೆಯೇ ಎಂದಲ್ಲ. ನೀವು ಹಿಡಿಯುವ ಮನೆಯ ಬೀದಿಗೆ ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿನಲ್ಲಿ ನೀರು ಬರುತ್ತದೆ ಎಂದು. ಈ ಪ್ರಶ್ನೆಯನ್ನು ಆ ಪಂಚಾಯಿತಿಯಲ್ಲಿ ಎತ್ತಿದವರು ಗೃಹಿಣಿ. ಅದುವರೆಗೆ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಐದನೆಯವನು ವೈದ್ಯ. ದೊಡ್ಡ ಕಾಯಿಲೆಗೆ ಬಳ್ಳಾರಿಯೇ ಗತಿ. 1961ರಲ್ಲಿ ಅಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ನೆರೆಯ ಜಿಲ್ಲೆಗಳಿಂದಲೂ, ಆಂಧ್ರದ ಗಡಿಯಿಂದಲೂ ರೋಗಿಗಳು ಬರುತ್ತಾರೆ. ಆದರೆ ವಯಸ್ಸಾದವರಿಗೆ ದೊಡ್ಡ ಕಾಯಿಲೆ ಬರುವುದು ಒಮ್ಮೆ. ರಕ್ತದೊತ್ತಡ, ಮಂಡಿನೋವು, ಕಣ್ಣಿನ ಹನಿ ಇವು ತಿಂಗಳು ತಿಂಗಳಿಗೆ. ಉಸಿರು ಸಿಕ್ಕಿದಾಗ ಬೇಕಾಗುವುದು ಮೊದಲ ಅರ್ಧ ಗಂಟೆಯಲ್ಲಿ ಕೈಗೆ ಸಿಕ್ಕುವ ವೈದ್ಯ. ತಾಲ್ಲೂಕು ಆಸ್ಪತ್ರೆಯಿರುವ ಸಣ್ಣ ಊರು ಅದನ್ನು ಒದಗಿಸಬಲ್ಲದು.

ಹೀಗೆ ಐದು ಬೆರಳೂ ಮಡಿಚಿದವು. ತೀರ್ಮಾನ ಮಾತ್ರ ಆಗಲಿಲ್ಲ. ಧನಕ್ಕೆ ಒಂದು ಊರು, ವಿದ್ಯೆಗೆ ಒಂದು, ನೀರಿಗೆ ಇನ್ನೊಂದು. ಆಗ ಗೋಡೆಗೊರಗಿ ಕುಳಿತಿದ್ದ ಅಜ್ಜಿಯತ್ತ ತಿರುಗಿ, “ಅಜ್ಜೀ, ನಿಮಗೆ ಯಾವ ಊರು ಒಪ್ಪಿಗೆ?” ಎಂದೆ.

“ನನ್ನ ಯಾಕೆ ಕೇಳ್ತೀಯಪ್ಪಾ ಮೇಷ್ಟ್ರೇ? ಎಲ್ಲಿ ಕುಂದ್ರಿಸ್ತಾರೋ ಅಲ್ಲಿ ಕುಂದ್ರೋದು,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಬಾಗಿಲ ಮುಂದ ಹೋಗೋರು ಬರೋರು ನನ್ನ ಮಾತಾಡಿಸ್ಬೇಕು, ಅಷ್ಟು ಸಾಕು,” ಎಂದರು.

ಆ ಮಾತಿನಿಂದ ನನಗೊಂದು ಲೆಕ್ಕ ಹೊಳೆಯಿತು. ಅದು ಚಾಣಕ್ಯನ ಪಟ್ಟಿಯಲ್ಲಿಲ್ಲ. ಯಜಮಾನರು ಎಚ್ಚರವಾಗಿರುವ ಹದಿನಾರು ಗಂಟೆಗಳಲ್ಲಿ ಹನ್ನೊಂದು ಗಂಟೆ ಕೆಲಸದಲ್ಲಿ, ದಾರಿಯಲ್ಲಿ. ಮಗಳ ದಿನ ಕಾಲೇಜಿನಲ್ಲಿ. ಎರಡು ವರ್ಷದ ಮೇಲೆ ಆಕೆ ಎಲ್ಲಿಯೋ! ಹಾಗಾದರೆ ಹೊಸ ಊರಿನಲ್ಲಿ ನಿಜವಾಗಿ ಬಾಳುವವರು ಯಾರು? ಅಜ್ಜಿ ಮತ್ತು ಸೊಸೆ. ದುಡಿಯುವವನು ಊರಿನಲ್ಲಿ ಮಲಗುತ್ತಾನೆ. ಮನೆಯಲ್ಲಿರುವವರು ಊರಿನಲ್ಲಿ ಬದುಕುತ್ತಾರೆ. ಊರಿನ ಆಯ್ಕೆಯ ಮಾತು ಬಂದಾಗ ಮಾತ್ರ ಮಲಗುವವನ ಮಾತಿಗೆ ತೂಕ. ಬದುಕುವವರಿಗೆ ಸಾಮಾನು ಕಟ್ಟುವ ಕೆಲಸ! ಇದು ಯಾರದೋ ಕ್ರೌರ್ಯದಿಂದ ಆಗುವುದಲ್ಲ. ಸಂಬಳವನ್ನು ಅಂಕಿಯಲ್ಲಿ ಬರೆಯಬಹುದು, ಅಂಕಪಟ್ಟಿಯನ್ನು ಗೋಡೆಗೆ ತೂಗುಹಾಕಬಹುದು. ಬಾಗಿಲ ಮುಂದೆ ಮಾತನಾಡಿಸುವವರ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆಯುವುದು?

ಇದು ಮುದುಕರಿರುವ ಮನೆಗಳ ಮಾತೆಂದು ಯುವಕರು ತಳ್ಳಿಹಾಕಬಾರದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕೆನಡಾದೇಶದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ನೆಲೆಸಲು ಹೊರಟಾಗ ಇದೇ ಪ್ರಶ್ನೆಯನ್ನು ಕೇಳಿದನು. ಅಲ್ಲಿ ಎರಡು ನಗರಗಳು. ರಿಜೈನಾ ಪ್ರಾಂತ್ಯದ ರಾಜಧಾನಿ. 2021ರ ಜನಗಣತಿಯಲ್ಲಿ ಸುಮಾರು 2,26,000 ಜನ. ಸಸ್ಕಟೂನ್ ಅದಕ್ಕಿಂತ ದೊಡ್ಡದು, ಸುಮಾರು 2,66,000; ನಡುವೆ ನದಿ ಹರಿಯುತ್ತದೆ, 1907ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವಿದೆ. ನಮ್ಮಲ್ಲಿ ಕಬ್ಬಿಣವಿರುವಂತೆ ಅಲ್ಲಿ ನೆಲದೊಳಗೆ ಪೊಟ್ಯಾಷ್ ಇದೆ. ಒಂದು ಕಡೆ ಅರಸ, ಇನ್ನೊಂದು ಕಡೆ ನದಿ: ನಮ್ಮ ಬಳ್ಳಾರಿ-ಹೊಸಪೇಟೆಗಳ ವಾದವೇ ಸಪ್ತಸಮುದ್ರ ದಾಟಿ ಹೋದಂತಿತ್ತು! ಬಾಡಿಗೆ, ಸಂಬಳ, ತೆರಿಗೆಗಳ ಪಟ್ಟಿಯನ್ನು ಆತ ಅಚ್ಚುಕಟ್ಟಾಗಿ ಮಾಡಿದ್ದನು. “ಹಗಲು ಹೊತ್ತು ಮನೆಯಲ್ಲಿರುವವರು ಯಾರಪ್ಪಾ?” ಎಂದು ಕೇಳಿದೆ. ಆತನ ಹೆಂಡತಿ, ಒಂದು ವರ್ಷದ ಕೂಸು. ಆಕೆಗೆ ಕಾರು ನಡೆಸಲು ಬಾರದು. ಚಳಿಗಾಲದ ರಾತ್ರಿಗಳಲ್ಲಿ ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ನಾಡು ಅದು. ವರ್ಷದಲ್ಲಿ ಎಷ್ಟೋ ತಿಂಗಳು ಹಿಮ. ಆ ತಿಂಗಳುಗಳಲ್ಲಿ ಆಕೆಯ ನಗರವೆಂದರೆ ಕೂಸನ್ನೆತ್ತಿಕೊಂಡು ನಡೆದುಹೋಗಬಹುದಾದಷ್ಟು ದೂರವೇ. ಆತ ಪಟ್ಟಿಯನ್ನು ಬದಿಗಿಟ್ಟು, ಎರಡು ನಗರಗಳಲ್ಲಿಯೂ ಬೀದಿಗಳನ್ನು ಹುಡುಕಿದನು. ಗ್ರಂಥಾಲಯ, ವೈದ್ಯರು, ಬಸ್ಸಿನ ನಿಲುಗಡೆ ಇವು ಹತ್ತಿರವಿದ್ದು, ನಮ್ಮ ಕಡೆಯವರ ಒಂದು ಮನೆಯೂ ಇದ್ದ ಬೀದಿ ಸಸ್ಕಟೂನಿನಲ್ಲಿ ದೊರೆಯಿತು. ಆತ ನಗರವನ್ನು ಆರಿಸಲಿಲ್ಲ, ಬೀದಿಯನ್ನು ಆರಿಸಿದನು.

ಯಶವಂತನಗರದ ಸಂಸಾರ ಕೊನೆಗೆ ಸಂಡೂರಿನಲ್ಲಿ ಬಾಡಿಗೆಯ ಮನೆ ಹಿಡಿಯಿತು. ಆಸ್ಪತ್ರೆ ಹತ್ತಿರ; ಅಜ್ಜಿಯ ತವರಿನ ಕಡೆಯವರ ಎರಡು ಮನೆಗಳು ಅದೇ ಓಣಿಯಲ್ಲಿವೆ. ಮಗಳು ಅಲ್ಲಿಯೇ ಕಾಲೇಜಿಗೆ ಸೇರಿದಳು. ಎರಡು ವರ್ಷದ ಮೇಲೆ ಬಳ್ಳಾರಿಯ ಹಾಸ್ಟೆಲು ಇದ್ದೇ ಇದೆ. ಇದರಿಂದ ನಷ್ಟವೇ ಆಗಲಿಲ್ಲವೆಂದು ನಾನು ಹೇಳಲಾರೆ. ಹೊಸಪೇಟೆಯ ನಿವೇಶನ ಕೈಬಿಟ್ಟುಹೋಯಿತು. ಅದರ ಬೆಲೆ ನಾಳೆ ಏರಿದರೆ ಭಾವಮೈದುನರು ನೆನಪಿಸದೆ ಬಿಡುವವರಲ್ಲ. ಪಾಳಿಗೆ ಹೋಗುವ ಯಜಮಾನರಿಗೆ ದಾರಿಯ ಆಯಾಸ ತಪ್ಪಲಿಲ್ಲ. ಮಗಳಿಗೂ ಬಳ್ಳಾರಿಯ ಆಸೆ ಪೂರ್ತಿ ಹೋಗಿಲ್ಲ. ಎಲ್ಲರೂ ಸ್ವಲ್ಪಸ್ವಲ್ಪ ಕಳೆದುಕೊಂಡರು. ಆದರೆ ಕಳೆದುಕೊಂಡದ್ದನ್ನು ಮತ್ತೆ ಗಳಿಸಿಕೊಳ್ಳಲು ಅವರಿಗೆ ವಯಸ್ಸಿದೆ, ಕಾಲಿನಲ್ಲಿ ಬಲವಿದೆ. ಎಂಬತ್ತರ ಮೇಲೆ ಹೊಸ ಗೆಳತಿಯರನ್ನು ಎಲ್ಲಿಂದ ತರುವುದು?

ವಾಚಕರಲ್ಲಿ ಊರು ಹುಡುಕುತ್ತಿರುವವರಿಗೆ ನನ್ನದೊಂದು ಬಿನ್ನಹ. ಚಾಣಕ್ಯನ ಪಟ್ಟಿಯನ್ನು ಧಾರಾಳವಾಗಿ ಎಣಿಸಿ. ಎಣಿಸಿಯಾದ ಮೇಲೆ, ಆ ಊರಿನಲ್ಲಿ ಅತ್ಯಂತ ಹೆಚ್ಚು ಹೊತ್ತು ಇರುವವರು ನಿಮ್ಮ ಮನೆಯಲ್ಲಿ ಯಾರೆಂದು ನೋಡಿ. ಮುಂಗಡದ ಹಣ ಕೊಡುವ ಮುನ್ನ ಅವರನ್ನು ಆ ಬೀದಿಗೆ ಕರೆದೊಯ್ದು, ಬೆಳಗಿನಿಂದ ಸಂಜೆಯವರೆಗೆ ಒಂದು ದಿನ ಅಲ್ಲಿ ಕುಳ್ಳಿರಿಸಿ. “ನನ್ನ ಯಾಕೆ ಕೇಳ್ತೀರಿ?” ಎಂದಾರು, ಎರಡನೆಯ ಸಲವೂ ಕೇಳಿ.